ಪದ್ಮಕ್ಕ ಮುಟ್ಟದ ತಲೆನೋವು

ಪದ್ಮಕ್ಕನ ಕೈ ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಮಷಿನ್ ನಿಂತರೆ ದಾರದ ತುಣುಕು ಆರಿಸುತ್ತಿದ್ದಳು, ಅದೂ ಮುಗಿದರೆ ತನ್ನ ಕುತ್ತಿಗೆಯನ್ನೇ ತಿಕ್ಕಿಕೊಳ್ಳುತ್ತಿದ್ದಳು. ಅಕ್ಕೋಳದಿಂದ ದಿನಾ ನಿಪ್ಪಾಣಿಗೆ ಬರುತ್ತಿದ್ದ ಆಕೆಯೇ ನಮ್ಮ ಹೊಲಿಗೆ ಶೆಡ್ಡಿಗೆ ಹಿರಿಯಳು.

ಮೇ ತಿಂಗಳಲ್ಲಿ ಶಾಲೆಯ ಯೂನಿಫಾರ್ಮಿನ ಗದ್ದಲ. ಬಗ್ಗಿ ಹೊಲಿದು ಹೊಲಿದು ಮಧ್ಯಾಹ್ನಕ್ಕೆ ನನ್ನ ತಲೆಗೆ ಬಿಗಿಯಾಗಿ ಪಟ್ಟಿ ಕಟ್ಟಿದಂತಾಗುತ್ತಿತ್ತು. "ಅಕ್ಕಾ, ಜರಾ ಒತ್ರಿ" ಅಂದರೆ ಪದ್ಮಕ್ಕ ಜಪ್ಪಯ್ಯ ಅನ್ನುತ್ತಿರಲಿಲ್ಲ.

"ತಲಿ ನಿಂದು, ಕೈ ನಿಂದು. ನಾ ಯಾಕ ಬೇಕು? ಮೊದಲ ಹಲ್ಲ ಕಚ್ಚೂದು ಬಿಡು. ಹೆಗಲ ಇಳಸು. ಎರಡೂ ಹೆಬ್ಬಟ್ಟು ಹಿಂದ, ತಲಿ ಕುತಗಿ ಕೂಡೂ ಕಡೆ ಇಟ್ಟು ಸಣ್ಣಂಗ ತಿರುವು. ಲೇ, ಹಿಟ್ಟ ನಾದಾಕತ್ತಿ ಏನ? ಸಾವಕಾಶ!"

ಆಮೇಲೆ ಕಣತಲೆ, ದವಡೆಯ ಮೂಲೆ, ಹೆಗಲು. ಐದು ನಿಮಿಷಕ್ಕೆ ಬಿಗಿ ಸಡಿಲುತ್ತಿತ್ತು. ಹೀಗೆ ಶೆಡ್ಡಿನ ಎಲ್ಲರಿಗೂ ಕಲಿಸಿದ್ದಳು.

ಒಂದು ದಿನ ಪಕ್ಕದ ಮಷಿನ್ನಿನ ಶೋಭಾ ಥಟ್ಟನೆ ತಲೆ ಹಿಡಿದುಕೊಂಡು ಕೂಗಿದಳು. ನಾನು ಕಲಿತ ಉತ್ಸಾಹದಲ್ಲಿ ಅವಳ ಕುತ್ತಿಗೆಗೆ ಕೈ ಹಾಕಿದೆ. ಪದ್ಮಕ್ಕ ನನ್ನ ಕೈ ಸರಿಸಿದಳು.

"ಮುಟ್ಟಬ್ಯಾಡ! ಶೋಭಾ, ಯಾವಾಗ ಹತ್ತಿತು?"

"ಈಗ... ಒಮ್ಮಿಗೇ..." ನಾಲಿಗೆ ತೊದಲುತ್ತಿತ್ತು.

ಮಾಲೀಕ, "ಗುಳಿಗಿ ಕೊಟ್ಟು ಮಲಗಸ್ರಿ, ನಾಳೆ ಮಾಲ್ ಹೋಗಬೇಕು" ಅಂದ.

"ಮಾಲ್ ಹಾಳಾಗಿ ಹೋಗಲಿ!" ಪದ್ಮಕ್ಕ ಬರಿಗಾಲಲ್ಲೇ ರಸ್ತೆಗೆ ಓಡಿ, ಎದುರು ಬಂದ ಟೆಂಪೋಗೆ ಅಡ್ಡ ನಿಂತಳು.

ಶೋಭಾಳ ತಲೆಯೊಳಗೆ ರಕ್ತನಾಳ ಒಡೆದಿತ್ತು. ಕೊಲ್ಲಾಪುರದ ಡಾಕ್ಟರು ಹೊತ್ತಿಗೆ ಸರಿಯಾಗಿ ತಂದಿರಿ ಅಂದರು. ಆಪರೇಷನ್ ಆಗಿ ಬದುಕಿದಳು.

ಕೆಲವು ವಾರಗಳ ನಂತರ, ಸಂಜೆ ಮನೆಗೆ ಹೋಗುವ ಬಸ್ಸಿನಲ್ಲಿ ಪದ್ಮಕ್ಕನನ್ನು ಕೇಳಿದೆ: "ಅಕ್ಕಾ, ನಿಮಗ ಹೆಂಗ ಗೊತ್ತಾತು?"

ಆಕೆ ಸೆರಗಿಗೆ ಅಂಟಿದ ದಾರದ ತುಣುಕು ಆರಿಸತೊಡಗಿದಳು. "ನಮ್ಮನಿಯವರಿಗೂ ಹಿಂಗ ಒಮ್ಮಿಗೇ ಬಂದಿತ್ತು. ಮಾತು ತೊದಲಾಕತ್ತಿತ್ತು. ನಾ ಎಣ್ಣಿ ಹಚ್ಚಿ ತಿಕ್ಕಕೋತ ಕುಂತೆ. ಒಂದ ತಾಸು ತಿಕ್ಕಿದೆ ನೋಡವಾ. ಗಾಡಿ ತರಿಸಲಿಲ್ಲ."

ಅಕ್ಕೋಳ ಬಂತು. ಚೀಲ ಎತ್ತಿಕೊಂಡು ಇಳಿದು ಹೋದಳು.

ಆ ಮಳೆಗಾಲದಲ್ಲಿ ಪದ್ಮಕ್ಕ ಜ್ವರದಲ್ಲಿ ತೀರಿಕೊಂಡಳು. ಸುದ್ದಿ ತಿಳಿದು ನಾವೆಲ್ಲ ಅಕ್ಕೋಳಕ್ಕೆ ಧಾವಿಸಿದೆವು. ನಾವು ಊರು ಮುಟ್ಟುವ ಮೊದಲೇ ಶೋಭಾ ಬಂದು, ಆಕೆಯ ಕಾಲ ಬಳಿ ಕೂತಿದ್ದಳು.