ಬಸು ಮತ್ತೆ ಬಡಿಸಲು ನಿಂತ ದಿನ

ಎರಡು ವರ್ಷದ ಹಿಂದೆ, ಯುಗಾದಿಯ ಆಸುಪಾಸು ನಡೆದದ್ದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ನಮ್ಮದೊಂದು ಖಾನಾವಳಿ ಇದೆ. ಒಳಗೆ ರೊಟ್ಟಿ ಬಡಿಯುವವರು ನಾನು ಮತ್ತು ನಮ್ಮತ್ತೆ, ಗಲ್ಲೆಯಲ್ಲಿ ಕೂರುವವರು ನಮ್ಮ ಮನೆಯವರು, ಬಡಿಸುವವನು ನನ್ನ ಮೈದುನ ಬಸು. ಖಾನಾವಳಿಯಲ್ಲಿ ಬಡಿಸುವವನ ತಲೆಯೇ ಬಂಡವಾಳ. ಯಾರಿಗೆ ಬಿಸಿ ರೊಟ್ಟಿ, ಯಾರಿಗೆ ಒಣಗಿಸಿದ ಕಟಕ ರೊಟ್ಟಿ, ಶ್ರಾವಣದಲ್ಲಿ ಯಾರು ಉಳ್ಳಾಗಡ್ಡಿ ಮುಟ್ಟುವುದಿಲ್ಲ, ಎಲ್ಲವೂ ಬಸುವಿಗೆ ಬಾಯಿಪಾಠ. ಗಿರಾಕಿ ಬಾಯಿ ಬಿಡುವ ಮೊದಲೇ ತಾಟಿಗೆ ಬೇಕಾದದ್ದು ಬಿದ್ದಿರುತ್ತಿತ್ತು.

ಅಂಥವನು ಒಂದು ದಿನ ಒಬ್ಬರಿಗೇ ಮತ್ತೆ ಮತ್ತೆ ಎಣಗಾಯಿ ಬಡಿಸಿ, ಪಕ್ಕದವರನ್ನು ಖಾಲಿ ತಾಟಿನ ಮುಂದೆ ಕೂರಿಸಿಬಿಟ್ಟ. ಕೇಳಿದರೆ ಸಿಡಿದುಬಿದ್ದ. ಬರಬರುತ್ತ ಕಣ್ಣು ಕೆಂಪಗಾದವು, ಊಟ ಸೇರದಾಯಿತು, ನಿಂತಲ್ಲೇ ಮಂಕಾಗಿ ನಿಲ್ಲತೊಡಗಿದ. ಅವನ ಅಂಗಿ ಒಗೆಯುವಾಗ ಕಿಸೆಯಲ್ಲಿ ಬಣ್ಣದ ಪಾಕೀಟೊಂದು ಸಿಕ್ಕಿತು. ಒಳಗೆ ಒಣ ಸೊಪ್ಪಿನ ಪುಡಿ.

"ಏನಪಾ ಇದು?" ಎಂದೆ.

"ಗಾಂಜಾ ಅಲ್ರೀ ವೈನಿ! ಗಿಡಮೂಲಿಕಿ. ಸೇದಿದ್ರ ನಿದ್ದಿ ಛಲೋ ಬರತೈತಿ."

ನಾನು ಗಾಂಜಾದ ಹೆಸರೇ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು!

ಅತ್ತೆಗೆ ಹೇಳಿದೆ. ಅವರು ನನ್ನ ಮೇಲೆಯೇ ಹರಿಹಾಯ್ದರು. "ಬಂಗಾರದಂಥಾ ಹುಡುಗನ ಮ್ಯಾಲ ಎಂಥಾ ಮಾತು ಹಚ್ಚತಿ?" ಹೆತ್ತವರಿಗೆ ಹೆಗ್ಗಣ ಮುದ್ದು. ಆದರೆ ನನ್ನ ನಾಲಿಗೆಯೂ ಸುಮ್ಮನೆ ಕೂರುವ ಜಾತಿಯದಲ್ಲ. ಕೊನೆಗೆ ನಮ್ಮ ಮನೆಯವರು ಒಂದು ಲ್ಯಾಬಿಗೆ ಕರೆದೊಯ್ದು ಅವನ ಮೂತ್ರ ಪರೀಕ್ಷೆ ಮಾಡಿಸಿದರು. ಗಾಂಜಾ ಇಲ್ಲವೇ ಇಲ್ಲ ಎಂದು ರಿಪೋರ್ಟ್ ಬಂತು. ಅತ್ತೆ ಓಣಿಗೆಲ್ಲ ಪೇಡೆ ಹಂಚಿದರು. ಮೊದಲನೆಯದು ನನಗೇ. "ತಿನ್ನು. ಇನ್ನ ಮ್ಯಾಲರ ಬಾಯಿ ಸಿಹಿ ಇರಲಿ." ಹುಟ್ಟಿದಾಗಿನಿಂದ ಪೇಡೆ ತಿಂದವಳು ನಾನು, ಅದೊಂದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ನಶೆ ಅಲ್ಲ ಎಂದಮೇಲೆ ಊಟ ಸೇರದಿರುವುದಕ್ಕೆ ಬೇರೆ ಕಾರಣ ಬೇಕಲ್ಲ? ಮಗನ ಕೆಂಪು ಕಣ್ಣಿನಲ್ಲಿ ಅತ್ತೆಗೆ ಹಳದಿ ಕಂಡಿತು. "ಇದು ಕಾಮಣಿ" ಎಂದು, ಕಾಮಾಲೆಯೇ ಎಂದು ತೀರ್ಮಾನಿಸಿ, ನಾಟಿ ಔಷಧಕ್ಕೆಂದು ತಮ್ಮ ತವರೂರಿಗೆ ಕರೆದೊಯ್ದರು. ಪಥ್ಯದ ಅಡುಗೆಗೆ ನಾನೂ ಹೋದೆ. ಅಲ್ಲಿ ಅವನಿಗೆ ಆ ಪಾಕೀಟು ಎಲ್ಲಿ ಸಿಗಬೇಕು? ಮರುದಿನದಿಂದಲೇ ಮೈಯೆಲ್ಲ ಬೆವರು, ನಡುಕ, ವಾಂತಿ. ಕಣ್ಣಿಗೆ ಕಣ್ಣು ಹಚ್ಚಲಿಲ್ಲ. ಗೋಡೆಯ ಹತ್ತಿರ ಯಾರೋ ನಿಂತಿದ್ದಾರೆ ಎಂದು ಚೀರುತ್ತಿದ್ದ. ಅತ್ತೆ ಬೇರು ಅರೆದು ಕುಡಿಸುತ್ತಲೇ ಇದ್ದರು. ಒಂದು ಮುಂಜಾನೆ ಅಂಗಳದಲ್ಲಿ ಕೈಕಾಲು ಸೆಟೆದು ಬಿದ್ದ, ಬಾಯಲ್ಲಿ ನೊರೆ. "ಕಾಮಣಿ ಇಳಿಯಾಕತ್ತೈತಿ, ಸ್ವಲ್ಪ ತಡೀರಿ" ಎಂದರು ಯಾರೋ. ನಾನು ತಡೆಯಲಿಲ್ಲ. ನೆರೆಮನೆಯವರ ಟಂಟಂ ರಿಕ್ಷಾ ನಿಲ್ಲಿಸಿ ಅವನನ್ನು ಎತ್ತಿ ಹಾಕಿಸಿದೆ. ಧಾರವಾಡದ ಆಸ್ಪತ್ರೆ ಮುಟ್ಟುವವರೆಗೆ ಅವನ ತಲೆ ನನ್ನ ತೊಡೆಯ ಮೇಲಿತ್ತು. ಸಾಯುತ್ತಾನೆಂದೇ ತಿಳಿದಿದ್ದೆ.

ಫಿಟ್ಸ್ ನಿಂತಮೇಲೆ ಡಾಕ್ಟರಮ್ಮ ಏನಾದರೂ ಸೇದುತ್ತಿದ್ದನೇ ಎಂದು ಕೇಳಿದರು. ನಾನು ಪಾಕೀಟಿನ ವಿಷಯ ಹೇಳಿದೆ. ಅತ್ತೆ ರಿಪೋರ್ಟ್ ಮುಂದೆ ಚಾಚಿದರು.

"ಇದು ಹುಡುಕೂದು ಗಾಂಜಾ ಅಷ್ಟರಿ ಅಮ್ಮಾರ" ಎಂದರು ಡಾಕ್ಟರು. "ಇವ ಸೇದಿದ್ದು ಸೊಪ್ಪಿಗೆ ಹೊಡದ ಕೆಮಿಕಲ್. ಮಿದುಳಿನ್ಯಾಗ ಗಾಂಜಾ ಕುಂಡ್ರೂ ಜಾಗದಾಗ ಕುಂಡ್ರತೈತಿ, ಆದ್ರ ಅದಕ್ಕಿಂತ ಭಾಳ ಜೋರ. ಈ ಪರೀಕ್ಷೆದಾಗ ಸಿಗಂಗಿಲ್ಲ."

ಅತ್ತೆ ಪಿಳಿಪಿಳಿ ನೋಡುತ್ತಿದ್ದರು. ನಮ್ಮದು ಖಾನಾವಳಿ ಎಂದು ತಿಳಿದು ಡಾಕ್ಟರು ಮತ್ತೆ ಹೇಳಿದರು: "ದಿನಾ ಹೊರಗಿಂದ ಅಡಗಿ ಬಂದ್ರ ನೀವು ಒಲಿ ಹಚ್ಚತೀರೇನ್ರಿ? ಅವನ ಮಿದುಳೂ ಹಂಗ. ನಿದ್ದಿ, ಹಸಿವು, ನೆನಪು, ಸಮಾಧಾನ ಹದದಾಗ ಇಡೂ ತನ್ನ ಒಲಿ ಆರಿಸಿ ಕುಂತೈತಿ. ಈಗ ಹೊರಗಿಂದು ಒಮ್ಮಿಗೇ ನಿಂತೈತಿ. ಅದಕ್ಕ ಇಷ್ಟ ಗದ್ಲ."

"ಒಲಿ ಮತ್ತ ಹೊತ್ತತೈತೇನ್ರಿ?" ಅತ್ತೆ ರಿಪೋರ್ಟ್ ಮಡಚಿಕೊಳ್ಳುತ್ತ ಕೇಳಿದರು.

"ಹೊತ್ತತೈತಿ. ಆದ್ರ ತಡಾ ಆಕೈತಿ. ಔಷಧ ತಪ್ಪಿಸಬ್ಯಾಡ್ರಿ, ಅವನ್ನ ಒಬ್ಬನ ಬಿಡಬ್ಯಾಡ್ರಿ."

ತಡ ಆಗಿಯೇ ಆಯಿತು. ಮನೆಗೆ ಬಂದಮೇಲೂ ಬಸು ಹೇಳಿದ ಮಾತು ಆಗಲೇ ಮರೆಯುತ್ತಿದ್ದ, ಮರೆತೆನೆಂದು ಅಳುತ್ತಿದ್ದ. ಕೆಲವೊಮ್ಮೆ ಅದೇ ಪಾಕೀಟಿಗಾಗಿ ಗೋಳಾಡಿದ್ದೂ ಉಂಟು. ಆಸ್ಪತ್ರೆಗೆ ಹೋದಾಗಲೆಲ್ಲ ಅತ್ತೆ ಪಕ್ಕದಲ್ಲೇ ಕೂರುತ್ತಿದ್ದರು. ಒಂದು ದಿನ ಅವನ ಹಳೇ ಗೆಳೆಯನೊಬ್ಬ ಹಿತ್ತಲ ಬಾಗಿಲಿಗೆ ಬಂದು ಪಿಸುಗುಟ್ಟಿದ. ನಾನು ಹಿಟ್ಟಿನ ಕೈಯಲ್ಲೇ ಸೌಟು ಹಿಡಿದು ಓಣಿಯ ತುದಿಯವರೆಗೂ ಅಟ್ಟಿಸಿಕೊಂಡು ಹೋದೆ. ತಿರುಗಿ ಬಂದರೆ ಬಸು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವನು ನಕ್ಕು ಎಷ್ಟು ಕಾಲವಾಗಿತ್ತು! ಆದರೆ ಊರವರು ಕೇಳಿದರೆ ಮಾತ್ರ ಅತ್ತೆಯದು ಒಂದೇ ಉತ್ತರ, "ಕಾಮಣಿ ಆಗಿತ್ತರಿ."

ಮರುವರ್ಷದ ಶ್ರಾವಣ. ಮಧ್ಯಾಹ್ನ ಖಾನಾವಳಿ ತುಂಬಿತ್ತು, ಬಡಿಸಲು ಇಟ್ಟುಕೊಂಡಿದ್ದವನು ಬಂದಿರಲಿಲ್ಲ. ಬಸು ಕೈ ತೊಳೆದು ರೊಟ್ಟಿ ಬುಟ್ಟಿ ಎತ್ತಿಕೊಂಡ. ನಾನು ಒಲೆ ಬಿಟ್ಟು ಒಳಬಾಗಿಲಿಗೆ ಬಂದು ನಿಂತೆ.

"ಕಾಕಾ, ನಿಮಗ ಉಳ್ಳಾಗಡ್ಡಿ ಇಲ್ದ ಪಲ್ಯಾ. ಸರ್, ನಿಮಗ ಕಟಕ ರೊಟ್ಟಿ, ಶೇಂಗಾ ಚಟ್ನಿ." ಹೀಗೇ ಸಾಗಿದವನು ಒಬ್ಬರ ಮುಂದೆ ತಟ್ಟನೆ ನಿಂತ. ಕಣ್ಣು ಮುಚ್ಚಿಕೊಂಡ. ನಾನು ಒಳಗಿನಿಂದ ಹೇಳಿಕೊಡಲು ಬಾಯಿ ತೆರೆದೆ, ಅತ್ತೆ ನನ್ನ ಕೈ ಅದುಮಿದರು. "ನಿಮಗ ಖಾರ ನಡ್ಯಾಂಗಿಲ್ಲ. ಮೊಸರ ತರತೇನ್ರಿ!" ಎಂದ ಬಸು. ಆಮೇಲೆ ಅವನು ಎಲ್ಲಿಯೂ ನಿಲ್ಲಲಿಲ್ಲ. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ.

"ಏನೋ ಬಸೂ, ಕಾಮಣಿ ಆಗಿತ್ತಂತ?" ಎಂದರು ಗಿರಾಕಿಯೊಬ್ಬರು.

ಅತ್ತೆ ಸರಸರನೆ ಹೊರಗೆ ಹೋದರು. "ಕಾಮಣಿ ಅಲ್ರಿ. ನಶಾ ಹಿಡದಿತ್ತು. ಡಾಕ್ಟರಿಗೆ ತೋರಿಸಿ ಬಿಟ್ಟಾನ. ಮೊದಲ ಗುರುತ ಹಿಡದಾಕಿ ನನ್ನ ಸೊಸಿ, ನಾನ ಆಕಿ ಮಾತ ಕೇಳಲಿಲ್ಲ" ಎಂದರು, ಎಲ್ಲರೆದುರಿಗೆ, ತಲೆ ಎತ್ತಿಕೊಂಡು.

ಮೂಲೆಯಲ್ಲಿದ್ದ ಹಿರಿಯರೊಬ್ಬರು ಅರ್ಧ ಊಟಕ್ಕೇ ಎದ್ದು ಅತ್ತೆಯ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಅಮ್ಮಾರ, ಆ ಡಾಕ್ಟರು ಎಲ್ಲಿ ಕುಂಡ್ರತಾರ್ರಿ? ನಮ್ಮ ಮನ್ಯಾಗೂ ಒಬ್ಬಾವ ಅದಾನ."

ಬಸು ಅವರ ಹೆಗಲ ಮೇಲೆ ಕೈಯಿಟ್ಟು ಮತ್ತೆ ತಾಟಿನ ಮುಂದೆ ಕೂರಿಸಿದ. "ಮೊದಲ ಊಟಾ ಮುಗಸ್ರಿ ಯಜಮಾನ್ರ. ಆಮ್ಯಾಲ ನಾನ ನಿಮ್ಮ ಜೋಡಿ ಬರತೇನಿ."

ಆ ಮಾತು ನೆನಪಾದರೆ ಇಂದಿಗೂ ನನ್ನ ಎದೆ ಉಬ್ಬುತ್ತದೆ. ನನ್ನ ಮದುವೆಯ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ. ಒಳಗೆ ಹಂಚಿನ ಮೇಲಿನ ರೊಟ್ಟಿ ಕರಕಾಗಿತ್ತು. ಅತ್ತೆ ಬೈಯಲಿಲ್ಲ.