ಎರಡು ಆಂಪ್ಲಿಫೈಯರ್‌ಗಳ ಚೆಲುವರಾಜು

ಚಿಕ್ಕಯ್ಯನಛತ್ರದ ಚೆಲುವರಾಜು ಅವರನ್ನು ಬರೀ ಚೆಲುವರಾಜು ಎಂದು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ‘ಅನೌನ್ಸರ್ ಚೆಲುವರಾಜು’ ಎನ್ನಬೇಕಿತ್ತು. ಅವರ ಹಳೆಯ ಬಿಳಿ ಕಾರಿನ ಬಾಗಿಲ ಮೇಲೂ ಹಾಗೆಯೇ ಬರೆಸಿದ್ದರು. ಕೆಳಗೆ ‘ಕಂಚಿನ ಕಂಠ’ ಎಂಬ ಬಿರುದು. ಬಿರುದು ಕೊಟ್ಟವರು ಯಾರೆಂದು ಕೇಳಿದರೆ ‘ಸಾರ್ವಜನಿಕರು’ ಎನ್ನುತ್ತಿದ್ದರು. ಅಕ್ಷರ ಬರೆದ ಪೇಂಟರ್ ಮಾತ್ರ, ಅವತ್ತು ಇಬ್ಬರೂ ಟೀ ಕುಡಿಯುವಾಗ ಅದು ಹೊಳೆಯಿತು ಎಂದು ಹೇಳಿಕೊಂಡು ತಿರುಗುತ್ತಿದ್ದ.

ಕಾರಿನ ನೆತ್ತಿಯ ಮೇಲೆ ಎರಡು ಹಾರ್ನ್ ಸ್ಪೀಕರ್, ಒಳಗೆ ಕಾರಿನ ಬ್ಯಾಟರಿಯಿಂದಲೇ ಓಡುವ ಆಂಪ್ಲಿಫೈಯರ್, ಕೈಯಲ್ಲಿ ಮೈಕು. ನಂಜನಗೂಡು, ನರಸೀಪುರ ಎರಡೂ ತಾಲೂಕಿನ ಹಳ್ಳಿಗಳಲ್ಲಿ ದನಗಳ ಲಸಿಕೆ, ಕಂದಾಯದ ಕೊನೆಯ ದಿನ, ಸೀರೆ ಅಂಗಡಿಯ ಡಿಸ್ಕೌಂಟು, ನಾಲೆಗೆ ನೀರು ಬಿಡುವ ವಿಷಯ, ತೀರಿಕೊಂಡವರ ಹೆಸರು, ಎಲ್ಲವೂ ಆ ಒಂದು ಬಾಯಿಂದಲೇ ಹೊರಡಬೇಕು. ಸೀರೆಯನ್ನೂ ಸಾವನ್ನೂ ಒಂದೇ ಗಾಂಭೀರ್ಯದಲ್ಲಿ ಸಾರುವುದು ಅವರ ಹೆಚ್ಚುಗಾರಿಕೆ. ಈಚೆಗೆ ಬೇರೆ ಗಾಡಿಗಳವರು ಮೊದಲೇ ರೆಕಾರ್ಡ್ ಮಾಡಿದ್ದನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಓಡಿಸುತ್ತಿದ್ದರು. ಚೆಲುವರಾಜು ಅದಕ್ಕೆ ‘ತಂಗಳು ಮಾತು’ ಎಂದು ಹೆಸರಿಟ್ಟು, ತಮ್ಮ ದನಿಯನ್ನು ಯಾರಿಗೂ ಒಂದು ಸಲವೂ ರೆಕಾರ್ಡ್ ಮಾಡಿಕೊಳ್ಳಲು ಬಿಡಲಿಲ್ಲ.

ಅಂಥ ಕಂಠವನ್ನು ಮನೆಯಲ್ಲಿ ಖರ್ಚು ಮಾಡಲಾದೀತೆ? ಬಾಗಿಲು ದಾಟಿ ಒಳಗೆ ಬಂದರೆ ಮೌನ. ಒಂದು ಚಪ್ಪಾಳೆ ತಟ್ಟಿದರೆ ಕಾಫಿ, ಎರಡು ತಟ್ಟಿದರೆ ಊಟ. ತೀರಾ ಅಗತ್ಯ ಬಿದ್ದರೆ ಹೆಂಡತಿ ಆಶಾರಾಣಿಯ ಕಿವಿಯ ಹತ್ತಿರ ಪಿಸುಗುಟ್ಟುವುದು. ಮೇ ತಿಂಗಳ ಸೆಕೆಯಲ್ಲೂ ಕುತ್ತಿಗೆಗೆ ಟವಲು, ಜೇಬಿನಲ್ಲಿ ಕಲ್ಲುಸಕ್ಕರೆ. ಮದುವೆಯಾದ ಹೊಸದರಲ್ಲಿ ಆಶಾರಾಣಿ, ಗಂಡನಿಗೆ ತನ್ನ ಮೇಲೆ ಕೋಪವೆಂದು ತಿಳಿದು ಅತ್ತಿದ್ದಳಂತೆ. ಆಮೇಲೆ ಅವಳಿಗೂ ರೂಢಿಯಾಯಿತು. ಗಂಡನ ದನಿ ಕೇಳಬೇಕೆನಿಸಿದರೆ ಊರವರ ಜೊತೆ ಬೀದಿಗೆ ಬಂದು ನಿಲ್ಲುತ್ತಿದ್ದಳು.

ಆ ಆಂಪ್ಲಿಫೈಯರ್ ಕಳೆದ ದೀಪಾವಳಿ ಆದಮೇಲೆ ಕೆಟ್ಟಿತು. ಮೊದಮೊದಲು ಮಾತಿನ ಕೊನೆಯಲ್ಲಿ ಸಣ್ಣ ಗೊರಗೊರ. ಬರಬರುತ್ತಾ ‘ಮಹಾಜನಗಳೇ’ ಎಂಬುದೇ ಜಲ್ಲಿಯ ಮೇಲೆ ತಗಡು ಎಳೆದ ಹಾಗೆ ಕೇಳತೊಡಗಿತು. ಲಸಿಕೆಯ ಪ್ರಚಾರಕ್ಕೆ ಅವರನ್ನು ಕರೆಯುತ್ತಿದ್ದ ಕಚೇರಿಯವರು, “ರಾಜಣ್ಣ, ಏನೂ ತಿಳೀತಿಲ್ಲ ಅಂತ ಜನ ಫೋನ್ ಮಾಡ್ತಾವ್ರೆ. ಈ ಸಲ ಸರಿಯಾಗಿ ಕೇಳ್ಲಿಲ್ಲ ಅಂದ್ರೆ ಪೆನ್‌ಡ್ರೈವ್ ಗಾಡಿಗೆ ಕೊಟ್ಬುಡ್ತೀವಿ” ಎಂದರು. ಚೆಲುವರಾಜು ಆಂಪ್ಲಿಫೈಯರನ್ನು ಮಗುವಿನಂತೆ ಟವಲಿನಲ್ಲಿ ಸುತ್ತಿಕೊಂಡು ನಂಜನಗೂಡಿನ ಕೃಷ್ಣಕುಮಾರನ ರಿಪೇರಿ ಅಂಗಡಿಗೆ ಹೋದರು.

ಕೃಷ್ಣಕುಮಾರ್ ವೈರು ಕೊಟ್ಟು ಮೈಕಿನಲ್ಲಿ “ಹಲೋ, ಚೆಕ್, ಚೆಕ್” ಎಂದ. ತೊಳೆದ ಗಾಜಿನಂತೆ ಕೇಳಿತು.

“ಸರಿಯಾಗೇ ಅದಲ್ಲಾ ಅಣ್ಣ?”

ಚೆಲುವರಾಜು ಅವನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದರು: “ಇಲ್ಲಿ ಸರಿಯಾಗೇ ಇರ್ತದೆ. ನಮ್ಮ ಮಾವ ಡಾಕ್ಟ್ರ ಮುಂದೆ ಕೂತಾಗ ಮಾತ್ರ ಕೆಮ್ತಿರ್ಲಿಲ್ಲ. ಇದೂ ಅದೇ ಜಾತಿ.”

“ನೀವೇ ಒಂದ್ಸಲ ಮಾತಾಡಿ ನೋಡಿ ಮತ್ತೆ.”

ಚೆಲುವರಾಜು ಗಂಟಲು ಮುಟ್ಟಿಕೊಂಡು ತಲೆಯಾಡಿಸಿದರು. ಟೆಸ್ಟಿಂಗಿಗೆಲ್ಲ ಬಳಸುವ ಗಂಟಲು ಅದಲ್ಲ.

ಕೃಷ್ಣಕುಮಾರ್ ಆದರೂ ಏನು ಮಾಡಿಯಾನು? ಬಿಸಿಯಾದಾಗ ಒಳಗಿನ ಐಸಿ ಚಿಪ್ ಕೈಕೊಡುತ್ತಿರಬಹುದೆಂದು ಅದನ್ನು ಬದಲಿಸಿದ. ಊರಿಗೆ ಹೋದರೆ ಮತ್ತೆ ಗೊರಗೊರ. ಮೈಕು ಬದಲಿಸಿದ. ಹಾರ್ನಿನ ಒಳಗಿನ ಪರದೆ ಬದಲಿಸಿದ. ಕೊನೆಗೆ ಕಾರಿನ ಬ್ಯಾಟರಿಯಿಂದ ಬರುವ ವೈರನ್ನೇ ಹೊಸದಾಗಿ ಎಳೆದ. ಪ್ರತಿ ಸಲವೂ ಅಂಗಡಿಯಲ್ಲಿ ಚೊಕ್ಕ, ಊರಲ್ಲಿ ಗೊರಗೊರ. “ಬಿಟ್ಟಾಕಿ ಅಣ್ಣ ಇದನ್ನ. ಇನ್ನು ಒಸದು ತಕ್ಕೊಳಿ” ಎಂದು ಕೈಮುಗಿದ.

ಊರಿನ ಟೀ ಅಂಗಡಿಯಲ್ಲಿ ಈ ವಿಷಯಕ್ಕೆ ಎರಡು ಪಕ್ಷಗಳಾದವು. ರೇಡಿಯೋದ ಸೆಲ್ಲು ಹಾಕುವುದಕ್ಕೂ ಇನ್ನೊಬ್ಬರನ್ನು ಕರೆಯುವವರೆಲ್ಲ ಟ್ರಾನ್ಸ್‌ಫಾರ್ಮರಿನ ಬಗ್ಗೆ ಅಧಿಕಾರವಾಣಿಯಿಂದ ಮಾತಾಡಿದರು. “ಅಳೇದು ಕಬ್ಬಿಣ ಕಣ್ರೀ, ಇನ್ನೊಂದ್ಸಲ ಬಿಚ್ಚಿಸಿ” ಎಂದರು ಒಬ್ಬರು. “ಒಸದು ತಕಳ್ಲಾ, ಬುಲೂಟೂತ್ ಇರ್ತದೆ” ಎಂದರು ಮತ್ತೊಬ್ಬರು. ಚೆಲುವರಾಜು ಮೌನವಾಗಿ ಕೇಳಿಸಿಕೊಂಡರು. ಹಳೆಯದನ್ನು ಬಿಡಲು ಅವರಿಗೆ ಮನಸ್ಸಿರಲಿಲ್ಲ. ತಮ್ಮ ದನಿ ಅದರೊಳಗೆಯೇ ಎಲ್ಲೋ ಇದೆ ಎಂಬಂತೆ ಅದನ್ನು ದೇವರ ಪಟಗಳ ಕೆಳಗಿನ ಹಲಗೆಯ ಮೇಲಿಟ್ಟರು. ಆಮೇಲೆ ನರಸೀಪುರಕ್ಕೆ ಹೋಗಿ ಹೊಸದನ್ನು ತಂದು, ಅರಿಶಿನ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಲಸಿಕೆಯ ಪ್ರಚಾರಕ್ಕೆ ಹೆಮ್ಮಿಗೆಗೆ ಹೊರಟರು.

ಹೆಮ್ಮಿಗೆಯ ಅರಳೀಕಟ್ಟೆಯ ಮುಂದೆ ಕಾರು ನಿಲ್ಲಿಸಿ, ಟವಲು ಸಡಿಲಿಸಿ, ಮೈಕು ಹಿಡಿದು “ಮಹಾಜನಗಳೇ” ಎಂದರು.

ಜಲ್ಲಿಯ ಮೇಲೆ ತಗಡು.

ಸ್ವಿಚ್ಚು ಆರಿಸಿ ಹಾಕಿದರು. ಮತ್ತೆ ಅದೇ. ಕಟ್ಟೆಯ ಮೇಲಿದ್ದ ಪುಟ್ಟಗೌರಮ್ಮ ಎಂಬ ಮುದುಕಿ, “ಏನ್ಲಾ ರಾಜು ಅದು, ರಾಗಿ ಮಿಷನ್ ಏನಾರ ಮಡಗಿದ್ದೀಯಾ ಒಳಗೆ?” ಎಂದಳು. ಎಲ್ಲರೂ ನಕ್ಕರು. “ಎಂಗೂ ನಿಂಗೆ ಬರ್ತಿಲ್ಲ, ಇಲ್ಲಿ ಕೊಡು. ನಮ್ಮ ಮೇಕೆ ಬೆಳಗ್ಗಿಂದ ಕಾಣ್ತಿಲ್ಲ” ಎಂದು ಕಿಟಕಿಯಿಂದ ಕೈಹಾಕಿ ಮೈಕು ಕಿತ್ತುಕೊಂಡೇಬಿಟ್ಟಳು.

“ಲೇ ನಂಜುಂಡಾ! ಮೇಕೆ ನಿನ್ನ ಗದ್ದೆಗೇನಾರ ನುಗ್ಗದಾ ನೋಡ್ಲಾ! ಒಡೀಬ್ಯಾಡ ಕಣೋ, ಗಬ್ಬ ಆಗದೆ!”

ನೀರಿನಂತೆ ತಿಳಿಯಾದ ದನಿ ಊರು ದಾಟಿ, ಗದ್ದೆ ದಾಟಿ ಹೋಯಿತು. ದೂರದಲ್ಲಿ ಯಾರೋ ಕೈ ಎತ್ತಿ ತೋರಿಸಿದರು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “ಅಕ್ಕೋ, ನೀನೇ ಅನೌನ್ಸರ್ ಆಗ್ಬುಡು!” ಎಂದ ಒಬ್ಬ.

ಚೆಲುವರಾಜು ನಗಲಿಲ್ಲ. ಮೈಕನ್ನು ವಾಪಸು ತೆಗೆದುಕೊಂಡು ಮೆಲ್ಲಗೆ “ಮಹಾಜನಗಳೇ” ಎಂದರು. ಗೊರಗೊರ. ಆಮೇಲೆ ಮೈಕನ್ನು ತೊಡೆಯ ಮೇಲಿಟ್ಟು, ಬರೀ ಬಾಯಲ್ಲಿ, ಎಷ್ಟೋ ವರ್ಷಗಳ ನಂತರ ಪುಕ್ಕಟೆಯಾಗಿ, ಎಲ್ಲರ ಮುಂದೆ ಜೋರಾಗಿ ಅದೇ ಮಾತನ್ನು ಹೇಳಿದರು. ಹಾರ್ನ್ ಇಲ್ಲದೆ, ವೈರು ಇಲ್ಲದೆ, ಅದೇ ತಗಡು, ಅದೇ ಜಲ್ಲಿ.

ನಗು ನಿಂತಿತು. ಪುಟ್ಟಗೌರಮ್ಮ, “ರಾಜು, ಆಸ್ಪತ್ರೆಗೆ ಓಗಪ್ಪ” ಎಂದಳು. ಲಸಿಕೆಯ ವಿಷಯವನ್ನು ಆ ದಿನ ಯಾರೂ ಹೇಳಲಿಲ್ಲ.

ಮೈಸೂರಿನ ಡಾಕ್ಟರು ಗಂಟಲೊಳಗೆ ಕೊಳವೆ ಇಳಿಸಿ ನೋಡಿ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಕೊನೆಗೆ ಆಶಾರಾಣಿಯನ್ನೂ ಒಳಗೆ ಕರೆದರು. ಗಡ್ಡೆ ಬೆಳೆದುಬಿಟ್ಟಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. “ದನಿ ಕೆಟ್ಟು ಇಷ್ಟು ದಿನವಾಗಿದೆ. ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲವೇನಮ್ಮ?” ಎಂದು ಗದರಿದರು. ಪಿಸುಮಾತು ಕೆಟ್ಟಿದೆಯೋ ಇಲ್ಲವೋ ಹೇಗೆ ತಿಳಿಯುತ್ತದೆ? ಚಪ್ಪಾಳೆ ಮಾತ್ರ ಚೆನ್ನಾಗಿಯೇ ಕೇಳುತ್ತಿತ್ತು.

ಚೆಲುವರಾಜು ಮುಂದಕ್ಕೆ ಬಾಗಿದರು. “ತಗ್ದು, ರಿಪೇರಿ ಮಾಡಿ, ಮತ್ತೆ ಆಕಕ್ಕಾಗಲ್ವಾ ಸಾ?”

“ಇಲ್ಲಪ್ಪ.”

“ಒಸದು?”

ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಒಂದು ಸಾಧನವಿದೆ ಎಂದು ಹೇಳಿ ಡಾಕ್ಟರು, ಅದರಲ್ಲಿ ಮಾತಾಡುವವರ ವೀಡಿಯೋ ಒಂದನ್ನು ಫೋನಿನಲ್ಲಿ ತೋರಿಸಿದರು. ಮಾತು ತಿಳಿಯುತ್ತಿತ್ತು, ಮಾತಾಡುತ್ತಿರುವುದು ಗಂಡಸೋ ಹೆಂಗಸೋ ತಿಳಿಯುತ್ತಿರಲಿಲ್ಲ. ಚೆಲುವರಾಜು ಪೂರ್ತಿ ನೋಡಲಿಲ್ಲ.

ಆಪರೇಷನ್ನಿಗೆ ಹೊರಡುವ ಬೆಳಿಗ್ಗೆ ಬ್ಯಾಗು, ಫ್ಲಾಸ್ಕು ಎಲ್ಲ ಕಾರಿಗಿಟ್ಟಾಗಿತ್ತು. ಚೆಲುವರಾಜು ಡ್ರೈವರ್ ಸೀಟಿನಲ್ಲಿ ಕೂತು, ಅಂಗಳದಲ್ಲಿ ನಿಂತೇ ಇದ್ದ ಹೆಂಡತಿಯತ್ತ ನೋಡಿ, ಕಾರು ಹತ್ತು ಎಂಬಂತೆ ಒಂದು ಚಪ್ಪಾಳೆ ತಟ್ಟಿದರು.

ಅವಳು ಅಲ್ಲಾಡಲಿಲ್ಲ. “ಊರೋರ ಎಸ್ರೆಲ್ಲಾ ಕೂಗಿದ್ರಿ. ಸತ್ತೋರ್ದು, ಕಳ್ದೋದ ದನದ್ದು, ಸೀರೆ ಅಂಗ್ಡೀದು. ನನ್ನ ಎಸ್ರು ಒಂದ್ ದಿನ ಕೂಗ್ಲಿಲ್ಲ. ಇವತ್ತು ಕೂಗಿ, ಬತ್ತೀನಿ.”

ಚೆಲುವರಾಜು ಬಾಯಿ ತೆರೆದರು. ಗಾಳಿ ಬಂತು, ದನಿ ಬರಲಿಲ್ಲ. ಆಮೇಲೆ ಹೊಸ ಆಂಪ್ಲಿಫೈಯರಿನ ಸ್ವಿಚ್ಚು ಹಾಕಿ, ವಾಲ್ಯೂಮನ್ನು ಕೊನೆಯವರೆಗೂ ತಿರುಗಿಸಿ, ಮೈಕನ್ನು ತುಟಿಗೆ ಒತ್ತಿಕೊಂಡರು.

ನೆತ್ತಿಯ ಮೇಲಿನ ಎರಡೂ ಹಾರ್ನುಗಳು ಒಟ್ಟಿಗೆ ಗೊರಗುಟ್ಟಿದವು. ಬೇಲಿಯ ಮೇಲಿದ್ದ ಕೋಳಿ ಹಾರಿತು. ಪಕ್ಕದ ಮನೆಯ ಪಾಪಮ್ಮ ತೊಳೆಯುತ್ತಿದ್ದ ಪಾತ್ರೆ ಬಿಟ್ಟು ಓಡಿಬಂದಳು.

“ಏನಂತವ್ವಾ ಆಶಾ? ನಾಲೆಗೆ ನೀರು ಬುಡ್ತಾರಂತಾ?”

“ಏನೂ ಇಲ್ಲ ಕಣಕ್ಕ” ಎಂದಳು ಆಶಾರಾಣಿ. “ಆಂಪ್ಲಿ ಕೆಟ್ಟೋಗದೆ.”

“ಒಸದಲ್ವಾ ಅದು?”

“ಒಸದೇ. ಅದೂ ಸರಿ ಇಲ್ಲ.”

ಕಾರಿನೊಳಗೆ ಚೆಲುವರಾಜು ಸ್ವಿಚ್ಚು ಆರಿಸಿ, ಮೈಕನ್ನು ಅದರ ಕೊಕ್ಕೆಗೆ ಸಿಕ್ಕಿಸಿದರು. ಆಶಾರಾಣಿ ಬಾಗಿಲು ತೆಗೆದು ಹತ್ತಿ ಕೂತಳು.