ಎರಡು ದಿನ ಬೆಳೆದ ಅಧಿವೇಶನ

ನಮ್ಮಪ್ಪ ಶಾಸಕರಾಗಿದ್ದ ಕಾಲದಲ್ಲಿ ನಮ್ಮ ರಾಣೇಬೆನ್ನೂರಿನ ಮನೆಯಲ್ಲಿ ಶುಭಕಾರ್ಯಕ್ಕೆ ಪಂಚಾಂಗಕ್ಕಿಂತ ಮೊದಲು ಅಧಿವೇಶನ ಮುಗಿಯುವ ದಿನ ನೋಡಬೇಕಿತ್ತು. ಅಕ್ಕನ ನಿಶ್ಚಯವನ್ನೂ ಹಾಗೇ ಇಟ್ಟಿದ್ದರು. ಗುರುವಾರ ಸದನ ಮುಗಿಯುವುದು, ಶುಕ್ರವಾರ ಬೀಗರು ಗುತ್ತಲದಿಂದ ಬರುವುದು. ಗುರುವಾರ ಸಂಜೆ ರೇಡಿಯೊ ಎಲ್ಲಕ್ಕೂ ಕಲ್ಲು ಹಾಕಿತು: ಬಾಕಿ ಉಳಿದ ಮಸೂದೆಗಳಿಗಾಗಿ ಅಧಿವೇಶನ ಎರಡು ದಿನ ವಿಸ್ತರಣೆ.

ಸ್ವಲ್ಪ ಹೊತ್ತಿಗೆ ಅಪ್ಪನ ಟ್ರಂಕ್ ಕಾಲ್ ಬಂತು. ಮೆಣಸಿನಕಾಯಿ ತೂಗುವಾಗ ವ್ಯಾಪಾರಿಗಳು ಸೂಟು, ಅಂದರೆ ತೂಕದಲ್ಲಿ ಬಿಡುವ ಪಾಲು, ಎಂಬ ಹೆಸರಲ್ಲಿ ರೈತರ ಮಾಲು ಕಡಿಯುವುದನ್ನು ನಿಲ್ಲಿಸಬೇಕೆಂದು ಅವರು ವರ್ಷಗಟ್ಟಲೆ ಹೋರಾಡಿದ್ದರು. ಆ ಮಸೂದೆಯೂ ಬಾಕಿಯಲ್ಲಿತ್ತು. ತಾವು ಎದ್ದು ಬಂದರೆ ಅದನ್ನು ಕೇಳುವವರಿಲ್ಲ ಎಂದರು. ಇತ್ತ ವರನ ಅಜ್ಜಿ ಬಲು ಶಾಸ್ತ್ರದಾಕೆ. ವೀಳ್ಯವನ್ನು ಹುಡುಗಿಯ ಅಪ್ಪನ ಕೈಯಿಂದಲೇ ಇಸಕೊಳ್ಳುವುದು ಎಂದು ಹೇಳಿಕಳಿಸಿದ್ದಳು. ಮೊಮ್ಮಗನಿಗೆ ಇನ್ನೊಂದು ಸಂಬಂಧವೂ ಅವಳ ಸೆರಗಿನ ಗಂಟಿನಲ್ಲಿತ್ತು. ಅಕ್ಕನೋ, ಆ ಹುಡುಗನನ್ನು ಮನಸಾರೆ ಒಪ್ಪಿಬಿಟ್ಟಿದ್ದಳು.

"ನೀವು ಅಲ್ಲೇ ಕುಂದರ್ರಿ. ಇಲ್ಲೀದು ನನಗ ಬಿಡ್ರಿ," ಎಂದು ಅವ್ವ ಫೋನು ಇಟ್ಟಳು.

ಮರುದಿನ ಬೀಗರು ಬಂದರು. ಅಪ್ಪ ಇಲ್ಲದ್ದು ಕಂಡು ಅಜ್ಜಿ ಮುಖ ಗಂಟು ಹಾಕಿ, ಊಟವಾದದ್ದೇ ಹೊರಟು ನಿಂತಳು. ಅವ್ವ ಬೇಡಿಕೊಳ್ಳಲಿಲ್ಲ, ಅಳಲೂ ಇಲ್ಲ. ಶುಕ್ರವಾರ ಮನೆಗೆ ಬಂದ ಮುತ್ತೈದೆಯನ್ನು ಕಳಿಸಿದರೆ ಲಕ್ಷ್ಮಿಯನ್ನೇ ಕಳಿಸಿದಂತೆ ಎಂದು ವರನ ತಾಯಿಯ ಕೈ ಹಿಡಿದಳು. ಶಾಸ್ತ್ರದ ಮಾತು ಬಂದದ್ದೇ ಅಜ್ಜಿ ತಿರುಗಿ ಬಂದು ಕುಳಿತಳು. ಬೆಳಗಾದರೆ ಶನಿವಾರ. ಇಷ್ಟು ಹತ್ತಿರ ಬಂದು ಕದರಮಂಡಲಗಿ ಹನುಮಪ್ಪನಿಗೆ ಕೈಮುಗಿಯದೆ ಹೋಗುವುದುಂಟೇ ಎಂದು ಎಲ್ಲರನ್ನೂ ಕಾಕಾನ ಜೀಪಿಗೆ ಹತ್ತಿಸಿದಳು. ಕಾಕಾ ಬೇಕೆಂದೇ ಬ್ಯಾಡಗಿಯಲ್ಲಿ ಚಹಾಕ್ಕೆ ನಿಲ್ಲಿಸಿ ಹೊತ್ತು ಕಳೆದ. ಸಂಜೆ ತಿರುಗಿ ಬಂದಾಗ ಒಲೆಯ ಮೇಲೆ ಮರುದಿನದ ಹೋಳಿಗೆಗೆ ಹೂರಣ ಕುದಿಯುತ್ತಿತ್ತು. ಹೂರಣ ಇಟ್ಟ ಮೇಲೆ ಹೋಳಿಗೆ ಉಣ್ಣದೆ ಎದ್ದು ಹೋದ ಬೀಗರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ? ಅಪ್ಪನನ್ನು ಊರೆಲ್ಲ ಮುತ್ಸದ್ದಿ ಎನ್ನುತ್ತಿತ್ತು. ನನಗೆ ಅವತ್ತು ನಿಜವಾದ ಮುತ್ಸದ್ದಿ ಯಾರೆಂದು ಗೊತ್ತಾಯಿತು.

ರವಿವಾರ ಬೆಳಿಗ್ಗೆ ಅಪ್ಪ ರೈಲು ಇಳಿದು ಮುದುಡಿದ ಅಂಗಿಯಲ್ಲೇ ಬಂದರು. ಅವ್ವ ಬಾಗಿಲಲ್ಲಿ ಒಂದೇ ಮಾತು ಕೇಳಿದಳು, ಪಾಸಾಯಿತೇ ಎಂದು. ಅಪ್ಪ ಹೌದೆಂದು ತಲೆಯಾಡಿಸಿದರು. ಅವ್ವನ ಕಣ್ಣು ತುಂಬಿದ್ದು ಆಗಲೇ.

ಅಪ್ಪ ಅಜ್ಜಿಯ ಮುಂದೆ ಕೈಮುಗಿದು, ಸದನ ಬೆಳೆದದ್ದರಿಂದ ತಪ್ಪಾಯಿತು ಎಂದರು.

"ಅಲ್ಲಿ ಅಷ್ಟು ಮಂದಿ ಕೂಡಿ ಎರಡು ದಿನ ಬೆಳಿಸಿದ್ರಿ. ಇಲ್ಲಿ ಇಕಿ ಒಬ್ಬಾಕೇ ಬೆಳಿಸಿದ್ಲು," ಎಂದಳು ಅಜ್ಜಿ. "ನನಗ ಶುಕ್ರವಾರನ ತಿಳದಿತ್ರಿ. ನೋಡೂಣು ಅಂತ ಸುಮ್ಮನ ಕುಂತೆ."

ಅಪ್ಪ ವೀಳ್ಯದ ತಟ್ಟೆ ಚಾಚಿದರು. ಅಜ್ಜಿ ಇಸಕೊಳ್ಳಲಿಲ್ಲ. ಒಳಗೆ ಹೋಳಿಗೆ ಬೇಯಿಸುತ್ತಿದ್ದ ಅವ್ವನನ್ನು ಕರೆಸಿ, ಅವಳ ಹಿಟ್ಟಿನ ಕೈಯನ್ನೂ ತಟ್ಟೆಗೆ ಹಚ್ಚಿಸಿದ ಮೇಲೆಯೇ ಇಸಕೊಂಡಳು.